ಪ್ರಿನ್ಸ್‌ಟನ್ ಸೆಮಿನರಿಯ ಹಣ: ಒಂದು ಸ್ಪಷ್ಟನೆ

'ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಗುಲಾಮರ ವಂಶಸ್ಥರಿಗೆ ಕೋಟಿಗಟ್ಟಲೆ ನಗದು ಹಂಚಿತು' ಅಂತ ಒಂದು ಸಂದೇಶ ಓಡಾಡುತ್ತಿದೆ. ಇದರಲ್ಲಿ ಸಂಸ್ಥೆಯ ಹೆಸರೂ ತಪ್ಪು, ನಗದಿನ ಮಾತೂ ತಪ್ಪು.

ನಿರ್ಧಾರ ಮಾಡಿದ್ದು ಪ್ರಿನ್ಸ್‌ಟನ್ ಥಿಯಲಾಜಿಕಲ್ ಸೆಮಿನರಿ. 1812ರಲ್ಲಿ ಅಮೆರಿಕದಲ್ಲಿ ಶುರುವಾದ ಪಾದ್ರಿ ತರಬೇತಿ ಶಾಲೆ ಅದು. ಒಂದೇ ಊರಲ್ಲಿದ್ದರೂ ವಿಶ್ವವಿದ್ಯಾಲಯಕ್ಕಿಂತ ಬೇರೆ. ಗುಲಾಮಗಿರಿಯ ಜೊತೆ ತನಗಿದ್ದ ನಂಟಿಗೆ ಪರಿಹಾರವಾಗಿ 2019ರ ಅಕ್ಟೋಬರ್‌ನಲ್ಲಿ ಸೆಮಿನರಿ 2.76 ಕೋಟಿ ಡಾಲರ್ ತೆಗೆದಿಟ್ಟಿತು. ಯಾರ ಕೈಗೂ ನೋಟು ಕೊಡಲಿಲ್ಲ. ಹಣ ಹೋಗುವುದು ವಿದ್ಯಾರ್ಥಿವೇತನ, ಸಂಶೋಧನೆ, ಕಪ್ಪು ಜನರ ಚರ್ಚ್‌ಗಳ ಅಧ್ಯಯನ ಕೇಂದ್ರ, ಇಂಥವಕ್ಕೆ.

ಸೆಮಿನರಿಯೇ ಗುಲಾಮರನ್ನು ಇಟ್ಟುಕೊಂಡಿತ್ತು ಅನ್ನುವುದೂ ಸರಿಯಲ್ಲ. 2018ರಲ್ಲಿ ಅದು ತಾನೇ ಪ್ರಕಟಿಸಿದ ವರದಿ ಹೇಳುವುದು ಬೇರೆ. ಸಂಸ್ಥೆಯ ಹೆಸರಲ್ಲಿ ಗುಲಾಮರು ಇರಲಿಲ್ಲ. ಆದರೆ ಹಣ ಹೂಡಿದ್ದು ಗುಲಾಮಗಿರಿ ನಡೆಯುತ್ತಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಂಕ್‌ಗಳಲ್ಲಿ, ದಾನಿಗಳ ಸಂಪತ್ತಿನ ಹಿಂದೆ ಗುಲಾಮರ ದುಡಿಮೆ. ಮೊದಲ ಮೂವರು ಪ್ರಾಧ್ಯಾಪಕರೂ ಒಂದಲ್ಲ ಒಂದು ಕಾಲದಲ್ಲಿ ಗುಲಾಮರಿಂದ ಕೆಲಸ ಮಾಡಿಸಿಕೊಂಡವರೇ. ಹಾಗಾಗಿ 'ಸುಮ್ನೆ ತಪ್ಪು ಹೊರಿಸಿಕೊಂಡರು' ಅನ್ನುವ ವಾದವೂ ನಿಲ್ಲುವುದಿಲ್ಲ, ಅಲ್ವಾ?

ಅಲ್ಲಿ ಓದು ಮುಗಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಥಿಯೊಡೋರ್ ಸೆಡ್ಜ್‌ವಿಕ್ ರೈಟ್. ಗ್ರಂಥಾಲಯಕ್ಕೆ ಈಗ ಅವರ ಹೆಸರಿದೆ. ನನಗೆ ಹಣಕ್ಕಿಂತ ಇದೇ ಜಾಸ್ತಿ ಹಿಡಿಸಿತು.

ನಗದಿನ ಕಥೆ ಬಂದದ್ದು ಬಹುಶಃ ವರ್ಜೀನಿಯಾ ಥಿಯಲಾಜಿಕಲ್ ಸೆಮಿನರಿಯಿಂದ. ಆ ಕ್ಯಾಂಪಸ್ಸಿನಲ್ಲಿ ಗುಲಾಮರು ದುಡಿದಿದ್ದರು. 2019ರ ಸೆಪ್ಟೆಂಬರ್‌ನಲ್ಲಿ 17 ಲಕ್ಷ ಡಾಲರ್‌ಗಳ ನಿಧಿ ಮಾಡಿ, 2021ರಿಂದ ಆ ಕೆಲಸಗಾರರ ವಂಶಸ್ಥರಿಗೆ ನೇರವಾಗಿ ಹಣ ಕೊಡತೊಡಗಿದ್ದು ಅದೇ.