ಪಂಕ್ತಿಭೇದವಿಲ್ಲದ ವಿಮಾನ

ನ್ಯೂಯಾರ್ಕ್ ಪಕ್ಕದ ನ್ಯೂಅರ್ಕ್‌ನಿಂದ ಪ್ಯಾರಿಸ್‌ಗೆ ಲಾ ಕೊಂಪಾನಿ ಎಂಬ ಫ್ರೆಂಚ್ ಕಂಪನಿಯ ವಿಮಾನದಲ್ಲಿ ಹೋಗುವ ಅವಕಾಶ ಆಫೀಸಿನ ಕೃಪೆಯಿಂದ ಸಿಕ್ಕಿತ್ತು. ಗೇಟಿನಲ್ಲಿ ನೂಕುನುಗ್ಗಲಿಲ್ಲ, ಒಳಗೆ ಪರದೆಯೂ ಇಲ್ಲ. 76 ಸೀಟು, ಎಲ್ಲವೂ ಬಿಸಿನೆಸ್ ಕ್ಲಾಸ್. ಊರಿಗೆ ಹೋಗುವ ವಿಮಾನದಲ್ಲಿ ಮುಂದೆ ಕೂತವರ ಮುಖ ನೋಡುತ್ತಾ ಹಿಂದಕ್ಕೆ ಸಾಗುವುದು ನಮಗೆಲ್ಲ ಗೊತ್ತಿರುವ ಅನುಭವ. ಇಲ್ಲಿ ಯಾರೂ ಯಾರನ್ನೂ ಹಾಗೆ ದಾಟಿ ಹೋಗಲಿಲ್ಲ. ಮನಸ್ಸಿಗೆ ಬಹಳ ಹಿತವೆನಿಸಿತು.

ಫೋನಿನಲ್ಲಿ ಇದನ್ನು ಹೇಳಿದರೆ ಭಾವ ಕೂಡಲೇ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಯನ್ನು ನೆನೆದರು. "ಆ ಮರ್ಯಾದೆ ಈಗ ಎಲ್ಲಿದೆ ಮಾರಾಯ, ಅಂಥದ್ದು ಮತ್ತೆ ಬರಲಿಲ್ಲ ಬಿಡು" ಅಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಅದೇ ಬೆಂಗಳೂರಿನಿಂದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಒಂದು ರೂಪಾಯಿಯ ಟಿಕೆಟ್ಟನ್ನೂ ಮಾರಿದರು, ವಿಮಾನವನ್ನು ಬರೀ ಆಕಾಶದಲ್ಲಿ ನೋಡಿದ್ದವರನ್ನು ಒಳಗೆ ಕೂರಿಸಿದರು. ಆ ಸಾಹಸದ ಮಾತು ನಮ್ಮ ಮನೆಗಳಲ್ಲಿ ಅಪರೂಪ. ನೆನಪಿರುವುದು ಕೆಂಪು ಸಮವಸ್ತ್ರದ ವೈಭವ ಮಾತ್ರ. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಕೊಡದೆ 2012ರಲ್ಲಿ ಆ ವೈಭವ ನೆಲ ಕಚ್ಚಿದ್ದು ಯಾರಿಗೂ ನೆನಪಿಲ್ಲ.

ಅಟ್ಲಾಂಟಿಕ್ ಮೇಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಇಯೋಸ್ ಎಂಬ ಕಂಪನಿ 2005ರಲ್ಲಿ ನ್ಯೂಯಾರ್ಕ್–ಲಂಡನ್ ನಡುವೆ ಬೋಯಿಂಗ್ 757 ಹಾರಿಸಿತು. ಇನ್ನೂರರಷ್ಟು ಜನ ಹಿಡಿಸುವ ವಿಮಾನದಲ್ಲಿ ಬರೀ 48 ಸೀಟು. ಡೆಕ್ಕನ್ ತನ್ನ ಪುಟ್ಟ ಎಟಿಆರ್ ವಿಮಾನದಲ್ಲೇ ಸುಮಾರು ಅಷ್ಟು ಜನರನ್ನು ಕೂರಿಸುತ್ತಿತ್ತು! ಸೀಟು ಕಡಿಮೆ ಮಾಡಿದರೆ ಇಂಧನದ ಖರ್ಚು ಅಷ್ಟೇನೂ ಇಳಿಯುವುದಿಲ್ಲ. ಪೈಲಟ್‌ಗಳ ಸಂಬಳ, ವಿಮಾನದ ಬಾಡಿಗೆ ಹಾಗೇ ಇರುತ್ತವೆ. ಇದೇ ಥರ ಬರೀ ಬಿಸಿನೆಸ್ ಕ್ಲಾಸ್ ನಡೆಸುತ್ತಿದ್ದ ಮ್ಯಾಕ್ಸ್‌ಜೆಟ್ ಕಂಪನಿ 2007ರ ಡಿಸೆಂಬರ್‌ನಲ್ಲಿ ಮುಚ್ಚಿತು. 2008ರ ಏಪ್ರಿಲ್‌ನಲ್ಲಿ ಇಯೋಸ್, ಮೇನಲ್ಲಿ ಅಂಥದ್ದೇ ಇನ್ನೊಂದು ಕಂಪನಿ ಸಿಲ್ವರ್‌ಜೆಟ್. ತೈಲ ಬೆಲೆ ಜುಲೈನಲ್ಲಿ ತುತ್ತತುದಿ ಮುಟ್ಟುವ ಮೊದಲೇ ಮೂರೂ ಹೋದವು.

ತೈಲವನ್ನಷ್ಟೇ ದೂರಿದರೆ ಸಾಲದು. ಇಷ್ಟು ದುಡ್ಡು ಕೊಡುವವರಿಗೆ ಮೆತ್ತನೆಯ ಹಾಸಿಗೆಗಿಂತ ಮುಖ್ಯವಾದದ್ದು ಸಮಯ. ಮೀಟಿಂಗ್ ಬೇಗ ಮುಗಿದರೆ ಮುಂಚೆ ಹೊರಡುವ ವಿಮಾನ, ತಡವಾದರೆ ಮುಂದಿನದು ಸಿಗಬೇಕು. ದಿನಕ್ಕೆ ಒಂದೆರಡು ಸಲ ಹಾರುವ ಪುಟ್ಟ ಕಂಪನಿ ಅದನ್ನು ಎಲ್ಲಿಂದ ತರುತ್ತದೆ? ದೊಡ್ಡ ಕಂಪನಿಗಳು ಅಷ್ಟು ಸಲ ಹಾರುವುದು ಹಿಂದಿನ ಸಾಲುಗಳು ತುಂಬುವುದರಿಂದಲೇ. ಎಕಾನಮಿಯವರು ಇಲ್ಲದಿದ್ದರೆ ಮುಂದಿನವರಿಗೆ ಬೇಕಾದ ಹೊತ್ತಿನಲ್ಲಿ ವಿಮಾನವೇ ಇರುವುದಿಲ್ಲ.

ಸಿಂಗಪುರ ಏರ್‌ಲೈನ್ಸ್ ಕೂಡ ನ್ಯೂಅರ್ಕ್‌ಗೆ ನೂರು ಸೀಟಿನ, ಪೂರ್ತಿ ಬಿಸಿನೆಸ್ ಕ್ಲಾಸ್‌ನ ವಿಮಾನ ಹಾರಿಸಿ 2013ರಲ್ಲಿ ನಿಲ್ಲಿಸಿತು. 2018ರಲ್ಲಿ ಮತ್ತೆ ಬಂದಾಗ 67 ಬಿಸಿನೆಸ್ ಸೀಟುಗಳ ಹಿಂದೆ 94 ಪ್ರೀಮಿಯಂ ಎಕಾನಮಿ ಸೀಟುಗಳಿದ್ದವು. ಭಾರತದಲ್ಲಿ ಇಂಡಿಗೊ ಹಿಡಿದದ್ದು ತಿರುವುಮುರುವಿನ ದಾರಿ. ಮೊದಲು ಎಲ್ಲರನ್ನೂ ಒಂದೇ ಥರ ಕೂರಿಸಿ ದೇಶದ ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಗಳಿಸಿಕೊಂಡಿತು. ಆಮೇಲೆ, 2024ರಲ್ಲಿ, ದೆಹಲಿ–ಮುಂಬೈ ನಡುವೆ ಮುಂದುಗಡೆ 12 ದೊಡ್ಡ ಸೀಟು ಹಾಕಿತು.

ಡೆಕ್ಕನ್ ಕೂಡ ನಷ್ಟದಲ್ಲೇ ಇತ್ತು, ಕೊನೆಗೆ ಕಿಂಗ್‌ಫಿಷರ್ ಕೈಸೇರಿತು. ಇದನ್ನು ಭಾವನ ಮುಂದೆ ಒಪ್ಪಲು ನನಗೆ ಕಷ್ಟ, ಆದರೂ ನಿಜ. ಲಾ ಕೊಂಪಾನಿ 2014ರಿಂದ ಬದುಕಿರುವುದೂ ನಿಜ. ಲಂಡನ್ ಮಾರ್ಗವನ್ನು 2016ರಲ್ಲೇ ಕೈಬಿಟ್ಟು, ಕೆಲವೇ ವಿಮಾನಗಳಲ್ಲಿ, ಬೇರೆ ಕಂಪನಿಗಳ ಬಿಸಿನೆಸ್ ಕ್ಲಾಸ್‌ಗಿಂತ ಕಡಿಮೆ ದರಕ್ಕೆ ಟಿಕೆಟ್ ಮಾರುತ್ತಾ ನಡೆಯುತ್ತಿದೆ. ಫಸ್ಟ್ ಕ್ಲಾಸ್ ಎಂದು ಅದು ಹೇಳಿಕೊಳ್ಳುವುದೂ ಇಲ್ಲ.