ಡ್ರೇಕ್ ಸಮೀಕರಣ ಏನನ್ನೂ ಸಾಬೀತು ಮಾಡಿಲ್ಲ

‘ಆಕಾಶಗಂಗೆಯಲ್ಲಿ ಸಾವಿರಾರು ಬುದ್ಧಿವಂತ ನಾಗರಿಕತೆಗಳಿವೆ, ಡ್ರೇಕ್ ಸಮೀಕರಣವೇ ಇದಕ್ಕೆ ಪುರಾವೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

1961ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ ನಡೆದ ಸಣ್ಣ ಸಭೆಯೊಂದರ ಚರ್ಚೆಗೆ ವಿಷಯಸೂಚಿಯಾಗಲಿ ಎಂದು ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಬರೆದುಕೊಂಡ ಸೂತ್ರವಿದು. ಆಕಾಶಗಂಗೆಯಲ್ಲಿ ನಮಗೆ ಸಂಕೇತ ಕಳಿಸಬಲ್ಲ ನಾಗರಿಕತೆಗಳು ಎಷ್ಟಿರಬಹುದು ಎಂದು ಅಂದಾಜಿಸಲು ಇದರಲ್ಲಿ ಏಳು ಅಂಶಗಳನ್ನು ಗುಣಿಸುತ್ತಾ ಹೋಗಬೇಕು. ನಕ್ಷತ್ರಗಳು ಹುಟ್ಟುವ ವೇಗ, ಅವುಗಳ ಸುತ್ತ ಗ್ರಹಗಳಿರುವ ಪ್ರಮಾಣ ಈಗ ಸುಮಾರಾಗಿ ಗೊತ್ತು. ನಮ್ಮ ಸೌರಮಂಡಲದಾಚೆ 5,000ಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ತೊಡಕಿರುವುದು ಅಲ್ಲಿಂದ ಮುಂದೆ. ಜೀವ ಹುಟ್ಟುವುದಕ್ಕೆ, ಅದಕ್ಕೆ ಬುದ್ಧಿ ಬರುವುದಕ್ಕೆ ನಮ್ಮ ಕೈಯಲ್ಲಿರುವುದು ಭೂಮಿಯೆಂಬ ಒಂದೇ ಉದಾಹರಣೆ. ನಾಗರಿಕತೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕಂತೂ ಅದೂ ಪೂರ್ತಿ ಇಲ್ಲ, ನಾವಿನ್ನೂ ಬದುಕಿದ್ದೇವಲ್ಲ! ಊಹೆಯ ಅಂಕಿ ಹಾಕಿದರೆ ಉತ್ತರವೂ ಊಹೆಯೇ: ಲಕ್ಷವೂ ಬರಬಹುದು, ನಾವೊಬ್ಬರೇ ಎಂದೂ ಬರಬಹುದು.

ಬೇರೆ ಯಾರೂ ಇಲ್ಲ ಎಂದು ಇದರರ್ಥವಲ್ಲ. ಖಚಿತವಾದ ಒಂದು ಸಂಕೇತವೂ ಇನ್ನೂ ಸಿಕ್ಕಿಲ್ಲ, ಅಷ್ಟೆ.