ಕೂತಾಗ ನೋವು ಹೆಚ್ಚಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ

ಮೂರು ವರ್ಷದ ಹಿಂದೆ, ಬಳ್ಳಾರಿಯ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದಲ್ಲಿ ನಾನು ಉತ್ತರ ಪತ್ರಿಕೆಗಳ ಕಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ದಿನವಿಡೀ ನಿಂತೇ ತಿದ್ದಿದೆ. ಸಹೋದ್ಯೋಗಿಗಳು ಕುರ್ಚಿ ಸರಿಸಿಕೊಟ್ಟರೆ ಸೊಂಟನೋವು ಎಂದು ಸುಳ್ಳು ಹೇಳುತ್ತಿದ್ದೆ. ಕೂತ ಹತ್ತು ನಿಮಿಷಕ್ಕೆ ಯೋನಿಯಿಂದ ಗುದದ್ವಾರದವರೆಗೆ ಒಣಮೆಣಸಿನಕಾಯಿ ಪುಡಿ ಸವರಿದಂತೆ ಉರಿ ಏಳುತ್ತಿತ್ತು, ಎದ್ದು ನಿಂತರೆ ನಿಧಾನವಾಗಿ ಇಳಿಯುತ್ತಿತ್ತು. ಇದನ್ನು ಇಷ್ಟು ಬಿಚ್ಚಿ ಬರೆಯುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ನಮ್ಮ ಸಿರುಗುಪ್ಪದ ಕಡೆ ಹೆಣ್ಣುಮಕ್ಕಳು ಇಂಥದ್ದಕ್ಕೆಲ್ಲ 'ಕೆಳಗ ಬ್ಯಾನಿ' ಎನ್ನುತ್ತಾರೆ. ಆ ಎರಡು ಪದಗಳಲ್ಲಿ ಮುಟ್ಟಿನ ನೋವು, ಬಿಳಿಸೆರಗು, ಉರಿಮೂತ್ರ, ಮೂಲವ್ಯಾಧಿ ಎಲ್ಲವೂ ಅಡಗಿರುತ್ತವೆ. ನಾನು ಕನ್ನಡ ಕಲಿಸುವ ಶಿಕ್ಷಕಿಯಾಗಿದ್ದರೂ ವೈದ್ಯರ ಮುಂದೆ ಕೂತಾಗ ನನ್ನ ಬಾಯಿಂದ ಬಂದದ್ದು ಆ ಎರಡೇ ಪದಗಳು.

ನೋವು ಶುರುವಾದದ್ದು ಎರಡನೆಯ ಹೆರಿಗೆಯ ಕೆಲವು ತಿಂಗಳ ನಂತರ. ಮೂತ್ರದ ಸೋಂಕಿರಬೇಕೆಂದು ಐದು ಸಲ ಆ್ಯಂಟಿಬಯಾಟಿಕ್ ನುಂಗಿದೆ, ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಒಮ್ಮೆಯೂ ಸೋಂಕು ಕಾಣಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದಾಗಲೆಲ್ಲ 'ನಾರ್ಮಲ್' ಎಂದೇ ಬಂತು. ಮನೆಯಲ್ಲಿ ಮೈಯಾಗ ಉಷ್ಣ ಆಗೈತಿ ಎಂದು ಎಳನೀರು, ಕಾಮಕಸ್ತೂರಿ ಬೀಜ ಕೊಟ್ಟರು. ಪ್ರೀತಿಯಿಂದಲೇ ನೋಡಿಕೊಂಡ ನನ್ನ ಅತ್ತೆಯವರು ಒಂದು ದಿನ, "ರಾತ್ರಿ ನಿದ್ದಿ ಬರ್ತೈತಲ್ಲವ್ವಾ, ಮತ್ತ ನೋವು ಎಲ್ಲೈತಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹಗಲಿಡೀ ಸುಡುವ ನೋವು ಮಲಗಿದರೆ ಇಳಿಯುತ್ತದೆ ಎಂದರೆ ಅದು ಮನಸ್ಸಿನದೇ ಇರಬಹುದೆಂದು ನಾನೂ ನಂಬತೊಡಗಿದ್ದೆ.

ಆ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರದಲ್ಲಿ ಆಗಲೇ ಇತ್ತು. ಬೆನ್ನುಹುರಿಯ ತುದಿಯಲ್ಲಿ, ಸೊಂಟದ ಹಿಂಬದಿಯ ಮೂಳೆಯಾದ ತ್ರಿಕಾಸ್ಥಿಯ ಎರಡು, ಮೂರು ಮತ್ತು ನಾಲ್ಕನೆಯ ನರಮೂಲಗಳಿಂದ ಹೊರಡುವ ಪುಡೆಂಡಲ್ ಎಂಬ ನರ, ಕೂರುವ ಮೂಳೆಯ ಹತ್ತಿರ ಮೂಳೆಗಳನ್ನು ಬಿಗಿದಿಡುವ ಎರಡು ಗಟ್ಟಿ ಅಸ್ಥಿರಜ್ಜುಗಳ ನಡುವೆ ನುಸುಳಿ, ಮುಂದೆ ಒಂದು ಕಿರಿದಾದ ಕಾಲುವೆಯೊಳಗೆ ಹಾದು, ಗುದದ್ವಾರ, ಯೋನಿಯ ಸುತ್ತಲಿನ ಭಾಗ ಮತ್ತು ಭಗಾಂಕುರಕ್ಕೆ ಮೂರು ಕವಲಾಗಿ ಹರಡುತ್ತದೆ. ದೀರ್ಘ ಹೆರಿಗೆಯಲ್ಲಿ ಅದು ಎಳೆತಕ್ಕೆ ಸಿಗಬಹುದು. ಮಲಬದ್ಧತೆಯಿಂದ ವರ್ಷಗಟ್ಟಲೆ ತಿಣುಕುವುದು, ಆ ಭಾಗದ ಶಸ್ತ್ರಚಿಕಿತ್ಸೆ, ಜೋರಾಗಿ ಬೀಳುವುದು, ಬಹುಕಾಲದ ಸೈಕಲ್ ಸವಾರಿ, ಗಂಟೆಗಟ್ಟಲೆ ಕೂರುವ ಕೆಲಸ ಇವೂ ಕಾರಣವಾಗಬಲ್ಲವು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತೇ ದುಡಿಯುವ ಹೆಣ್ಣುಮಕ್ಕಳನ್ನು ನೆನೆದರೆ, ಇವರಲ್ಲಿ ಎಷ್ಟು ಜನ ಬಾಯಿಬಿಡದೆ ಇದನ್ನು ಸಹಿಸುತ್ತಿರಬಹುದು ಎಂದು ನನಗೆ ಸಂಕಟವಾಗುತ್ತದೆ. ಪುಡೆಂಡಲ್ ಎಂಬ ಹೆಸರು ಬಂದಿರುವುದು ನಾಚಿಕೆ ಎಂಬರ್ಥದ ಲ್ಯಾಟಿನ್ ಪದದಿಂದ ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಫ್ರಾನ್ಸಿನ ನಾಂಟ್ ನಗರದ ತಜ್ಞರು ಈ ನರ ಸಿಕ್ಕಿಹಾಕಿಕೊಂಡು ಬರುವ ನೋವನ್ನು ಗುರುತಿಸಲು ಐದು ಮಾನದಂಡಗಳನ್ನು ರೂಪಿಸಿ 2008ರಲ್ಲಿ ಪ್ರಕಟಿಸಿದರು. ನೋವು ಈ ನರ ಹರಡಿರುವ ಜಾಗದಲ್ಲಿರಬೇಕು, ಕೂತಾಗ ಹೆಚ್ಚಾಗಬೇಕು, ರಾತ್ರಿ ನೋವಿನಿಂದ ಎಚ್ಚರವಾಗಬಾರದು, ಮುಟ್ಟಿ ಪರೀಕ್ಷಿಸಿದಾಗ ಸ್ಪರ್ಶಜ್ಞಾನ ಕಳೆದಿರಬಾರದು, ಆ ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನೋವು ಇಳಿಯಬೇಕು. ನನ್ನ ನಿದ್ದೆ ನನ್ನ ನೋವಿಗೆ ಸಾಕ್ಷಿಯಾಗಿತ್ತು. ಎಲ್ಲರೂ ಅದನ್ನು ನೋವೇ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡಿದ್ದರು. ಸ್ಕ್ಯಾನಿಂಗ್, ಎಂಆರ್‌ಐಗಳು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಬೇಕೇ ಬೇಕು, ಆದರೆ ಅವುಗಳಲ್ಲಿ ಈ ನರದ ತೊಂದರೆ ಬಹುಪಾಲು ಕಾಣುವುದಿಲ್ಲ. ರೋಗ ಪತ್ತೆಯಾಗುವುದು ಹೆಚ್ಚಾಗಿ ಮಾತಿನಿಂದ, ಕೇಳುವವರಿದ್ದರೆ.

ನನ್ನನ್ನು ಅತ್ಯಂತ ಕಾಡುವುದು ಸ್ಕ್ಯಾನಿಂಗ್‌ಗಳೆಲ್ಲ 'ನಾರ್ಮಲ್' ಎಂದು ಬಂದ ಮೇಲೆ ನಡೆದದ್ದು. ಆಗ ನನಗೆ 36 ವರ್ಷ. "ಎರಡು ಮಕ್ಕಳಾಗ್ಯಾವಲ್ಲ, ಗರ್ಭಚೀಲ ತೆಗೆಸಿಬಿಡ್ರಿ, ಎಲ್ಲಾ ಆರಾಮಾಗ್ತದ" ಎಂದು ಒಂದು ಆಸ್ಪತ್ರೆಯಲ್ಲಿ ಸಲಹೆ ಬಂತು. ಆಪರೇಷನ್ನಿಗೆ ದಿನವೂ ನಿಗದಿಯಾಯಿತು. ಬೇಸತ್ತಿದ್ದ ನಾನು ಒಪ್ಪಿದ್ದೆ ಕೂಡ. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನರದ ನೋವಿಗೆ ಗರ್ಭಕೋಶ ತೆಗೆದರೆ ನೋವು ಅಲ್ಲಿಯೇ ಉಳಿಯುತ್ತದೆ, ಅದರ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಹೆಣ್ಣಿಗೆ ಆ ವಯಸ್ಸಿಗೇ ಋತುಬಂಧ (ಮೆನೋಪಾಸ್) ಬಂದುಬಿಡುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿರುದ್ಧ ಸಲ್ಲಿಕೆಯಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿತು. ಆ ಆದೇಶದ ಬಿಸಿ ನಮ್ಮ ತಾಲ್ಲೂಕುಗಳಿಗೆ ತಟ್ಟಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಪರೇಷನ್ ತಪ್ಪಿದ್ದು ನಮ್ಮ ಮನೆಯವರಿಂದ. ಇನ್ನೊಬ್ಬರನ್ನು ಕೇಳೋಣ ಎಂದು ಹಟ ಹಿಡಿದು ಅವರು ನನ್ನನ್ನು ಬೆಂಗಳೂರಿನ ನೋವು ಚಿಕಿತ್ಸಾ ತಜ್ಞೆಯೊಬ್ಬರ ಬಳಿ ಕರೆದುಕೊಂಡು ಹೋದರು. ಆಕೆ ಫೈಲು ತೆರೆಯುವ ಮೊದಲೇ, "ಕಮೋಡ್ ಮೇಲೆ ಕೂತಾಗ ನೋವು ಕಡಿಮೆ ಅನ್ನಿಸುತ್ತದೆಯೇ?" ಎಂದು ಕೇಳಿದರು. ನಾನು ಅತ್ತುಬಿಟ್ಟೆ. ಅತ್ತೆಯವರ ಮೊಣಕಾಲು ನೋವಿಗೆಂದು ನಮ್ಮ ಮನೆಯಲ್ಲಿ ಹಾಕಿಸಿದ್ದ ಕಮೋಡ್ ಮೇಲೆ ಹತ್ತು ನಿಮಿಷ ಸಮಾಧಾನವಾಗಿ ಕೂರಲೆಂದೇ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ನಡುವೆ ಖಾಲಿ ಇರುವುದರಿಂದ ಅಲ್ಲಿ ನರದ ಮೇಲೆ ಭಾರ ಬೀಳುವುದಿಲ್ಲವಂತೆ. ಮರುದಿನ ಸ್ಕ್ಯಾನ್ ನೋಡಿಕೊಂಡು ನರದ ಪಕ್ಕ ಇಂಜೆಕ್ಷನ್ ಕೊಟ್ಟರು. ಆ ಮಧ್ಯಾಹ್ನ ನಾದಿನಿಯ ಮನೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ರೊಟ್ಟಿ, ಪುಂಡಿಪಲ್ಯ ಉಂಡೆ. ಸಂಜೆಗೆ ಮದ್ದಿನ ಪ್ರಭಾವ ಇಳಿದು ಉರಿ ಮರಳಿತು, ಆದರೂ ಅದಕ್ಕೊಂದು ಹೆಸರು ಸಿಕ್ಕಿತ್ತು: ಪುಡೆಂಡಲ್ ನ್ಯೂರಾಲ್ಜಿಯಾ, ಅಂದರೆ ಪುಡೆಂಡಲ್ ನರದ ನೋವು.

ಚಿಕಿತ್ಸೆ ನಿಧಾನದ್ದು. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೊಟ್ಟರು. ಅದು ಖಿನ್ನತೆಗೂ ಕೊಡುವ ಮಾತ್ರೆಯಾದ್ದರಿಂದ ಔಷಧ ಅಂಗಡಿಯವರು ನನ್ನನ್ನು ಒಂದು ಥರ ನೋಡಿದರು, ಆದರೆ ನರದ ನೋವಿಗೆ ಅದು ಬಹುಕಾಲದಿಂದ ಬಳಕೆಯಲ್ಲಿರುವ ಮದ್ದು. ಫಿಸಿಯೋಥೆರಪಿಯಲ್ಲಿ ಕೆಳಗಿನ ಸ್ನಾಯುಗಳನ್ನು ಸಡಿಲ ಬಿಡುವ ಉಸಿರಾಟವನ್ನು ಕಲಿತೆ. ಹೆರಿಗೆಯಾದವರೆಲ್ಲರಿಗೂ ಹೇಳುವ ಬಿಗಿಹಿಡಿಯುವ ಕೀಗಲ್ ವ್ಯಾಯಾಮ, ಸ್ನಾಯು ಮೊದಲೇ ಬಿಗಿದಿರುವ ನನ್ನಂಥವರಿಗೆ ನೋವನ್ನು ಹೆಚ್ಚಿಸಬಹುದು. ನಾನು ವರ್ಷಗಟ್ಟಲೆ ಅದನ್ನೇ ಮಾಡಿದ್ದೆ. ಗಾದಿ ಹೊಲಿಯುವವರಿಂದ ಫೋಮ್ ತಂದು, ನಡುವೆ ಕತ್ತರಿಸಿ, ಹಳೆಯ ಇಳಕಲ್ ಸೀರೆಯ ಗವಸು ಹೊಲಿಸಿ, ಕೂರಲು ದಿಂಬು ಮಾಡಿಕೊಂಡೆ. ಇವು ಯಾವುದಕ್ಕೂ ಬಗ್ಗದ ನೋವಿಗೆ ನರವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯೂ ಇದೆ, ನನಗೆ ಅದು ಬೇಕಾಗಲಿಲ್ಲ. ಕೆಳಗಿನ ನೋವೆಲ್ಲ ಇದೇ ಎಂದು ಯಾರೂ ತಿಳಿಯಬಾರದು. ಮರಗಟ್ಟುವಿಕೆ, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು ಕಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈ ನರ ನಮ್ಮ ಕಡೆಯ ವೈದ್ಯರಿಗೆ ಹೊಸದೇನಲ್ಲ. ಹೆರಿಗೆಯಲ್ಲಿ ಇಕ್ಕಳದಂಥ ಫೋರ್ಸೆಪ್ಸ್ ಹಾಕಿ ಮಗುವನ್ನು ಹೊರತೆಗೆಯುವಾಗ ಇದೇ ನರವನ್ನು ಮರಗಟ್ಟಿಸುವುದನ್ನು ಸ್ತ್ರೀರೋಗ ತಜ್ಞರೆಲ್ಲ ಓದಿರುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅರಿವಳಿಕೆ ವಿಭಾಗಗಳಿವೆ. ಹೆರಿಗೆ ಕೋಣೆಯಲ್ಲಿ ನೆನಪಿರುವ ನರ ಹೊರರೋಗಿಗಳ ಸಾಲಿನಲ್ಲಿಯೂ ನೆನಪಾದರೆ, ವಾರಕ್ಕೊಂದು ದಿನ ನೋವು ಚಿಕಿತ್ಸಾ ವಿಭಾಗ ತೆರೆದರೆ, ಹೆಣ್ಣುಮಕ್ಕಳು ಈ ಉರಿಯಲ್ಲಿ ಬೆಂಗಳೂರಿನವರೆಗೆ ಕೂತು ಹೋಗುವುದು ತಪ್ಪುತ್ತದೆ.

ಕಳೆದ ವಾರ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ, ಭತ್ತದ ನಾಟಿಗೆ ಹೋಗುವಾಕೆ, ಮಗಳ ರಜೆ ಚೀಟಿ ಹಿಡಿದು ಬಂದಿದ್ದರು. ಆಪರೇಷನ್ನಿಗೆ ದುಡ್ಡು ಹೊಂದಿಸುತ್ತಿದ್ದೇವೆ ಎಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ. "ಕುಂತ್ರ ಉರಿ ಹೆಚ್ಚಾಗ್ತೈತೇನವ್ವಾ?" ಎಂದು ಕೇಳಿದೆ. ಆಕೆ ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿ ಹೌದೆಂದು ತಲೆಯಾಡಿಸಿದರು. ಎಲ್ಲಿ, ಯಾವಾಗ, ಕೂತರೆ ಏನು, ಮಲಗಿದರೆ ಏನು, ಎಂದಿನಿಂದ ಎಂಬುದನ್ನು ಆಕೆ ಹೇಳಿದಂತೆಯೇ ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಸಾಲಾಗಿ ಬರೆದುಕೊಟ್ಟೆ. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ಎಲಿಚೀಲದೊಳಗೆ ಇಟ್ಟುಕೊಂಡರು. ಬರುವ ಮಂಗಳವಾರ ನಾವಿಬ್ಬರೂ ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದೇವೆ. ನನ್ನ ದಿಂಬನ್ನು ಆಕೆಗೆಂದು ತೆಗೆದಿಟ್ಟಿದ್ದೇನೆ.